ನಮ್ಮ ಕಾಕಾ ಫೇಲಾದ ವಿದ್ಯಾಪೀಠ

ಪುಣೆಯಲ್ಲಿ ಕಣ್ಣು ಮುಚ್ಚಿ ಒಂದು ಕಲ್ಲೆಸೆದರೆ ಅದು ಯಾರಾದರೊಬ್ಬ ಪದವೀಧರರಿಗೆ ತಾಗುತ್ತದೆ. ಅವರಿಂದ ಪುಟಿದರೆ ಪಕ್ಕದಲ್ಲಿ ನಿಂತ ಡಾಕ್ಟರೇಟ್ ಆದವರಿಗೆ ತಾಗುತ್ತದೆ. ಇಂಥ ಊರಿನಲ್ಲಿ, ತಾವು ಫೇಲಾದದ್ದನ್ನೇ ಪದಕದಂತೆ ಎದೆಗೆ ಸಿಕ್ಕಿಸಿಕೊಂಡು ಓಡಾಡುವವರು ನನಗೆ ತಿಳಿದಂತೆ ಒಬ್ಬರೇ ಇದ್ದಾರೆ. ಅವರು ನಮ್ಮ ಕಾಕಾ, ಎಂದರೆ ನಮ್ಮಪ್ಪನ ತಮ್ಮ.

ಕಾಕಾ ಎಂ.ಎಸ್ಸಿ. ಗಣಿತದಲ್ಲಿ ಮೂರು ಸಲ ಫೇಲಾದರು. ಮೂರು ಸಲವೂ ಒಂದೇ ವಿದ್ಯಾಪೀಠದಲ್ಲಿ (ಪುಣೆಯವರು ವಿಶ್ವವಿದ್ಯಾಲಯವನ್ನು ಹಾಗೆನ್ನುತ್ತಾರೆ), ಒಂದೇ ವಿಷಯದಲ್ಲಿ, ಒಬ್ಬರೇ ಪ್ರಾಧ್ಯಾಪಕರ ಕೈಯಲ್ಲಿ. ಮನೆಯ ಗುಟ್ಟನ್ನು ನಾನು ಬೀದಿಗೆ ತಂದೆನೆಂದು ತಿಳಿಯಬೇಡಿ. ಕಾಕಾನನ್ನು ಒಮ್ಮೆ ಭೇಟಿಯಾದವರಿಗೆಲ್ಲ ಇದು ಗೊತ್ತು. ಎಷ್ಟೋ ಜನರಿಗೆ ಅವರ ಹೆಸರು ಗೊತ್ತಿಲ್ಲ, ಇದು ಗೊತ್ತು.

ಫೇಲಾದವರು ಸಾಮಾನ್ಯವಾಗಿ ಏನು ಮಾಡುತ್ತಾರೆ? ಪ್ರಶ್ನೆಪತ್ರಿಕೆಯನ್ನು ಬೈಯುತ್ತಾರೆ. ತಿದ್ದಿದವರನ್ನು ಬೈಯುತ್ತಾರೆ. ಪರೀಕ್ಷೆಯ ಹಿಂದಿನ ದಿನ ಬಂದ ಜ್ವರದ ಕಥೆ ಹೇಳುತ್ತಾರೆ. ಕೊನೆಗೆ, ಆ ವಿದ್ಯಾಪೀಠವೇ ಸರಿಯಿಲ್ಲ ಬಿಡಿ, ಎಂದು ಮುಗಿಸುತ್ತಾರೆ. ನಮ್ಮ ಕಾಕಾನದು ಎಲ್ಲ ತಿರುವುಮುರುವು. ಅವರ ಮುಂದೆ ನೀವು ದೇವರನ್ನು ಬೈಯಬಹುದು, ಸರ್ಕಾರವನ್ನು ಬೈಯಬಹುದು, ಅವರ ಹೆಂಡತಿ, ಎಂದರೆ ನಮ್ಮ ಕಾಕೂ, ಮಾಡಿದ ಉಪ್ಪಿಟ್ಟನ್ನೂ ಧೈರ್ಯವಿದ್ದರೆ ಬೈಯಬಹುದು. ವಿದ್ಯಾಪೀಠವನ್ನು ಮಾತ್ರ ಬೈಯಕೂಡದು. ಅದರಲ್ಲೂ, ಅಲ್ಲಿ ಯಾರು ಬೇಕಾದರೂ ಪಾಸಾಗುತ್ತಾರೆ ಎಂದು ಅಪ್ಪಿತಪ್ಪಿ ಅಂದಿರೋ, ಕಾಕಾ ಚಹಾದ ಕಪ್ಪನ್ನು ಕೆಳಗಿಟ್ಟು ಅಂಗಿಯ ತೋಳು ಮಡಚುತ್ತಾರೆ.

“ಯಾರು ಬೇಕಾದ್ರೂ ಪಾಸ್ ಆಗ್ತಾರಂದ್ರ ನಾ ಯಾಕ ಆಗ್ಲಿಲ್ರಿ?”

ಎದುರಿಗಿದ್ದವರು ಬಾಯಿ ತೆರೆದು ಮತ್ತೆ ಮುಚ್ಚುತ್ತಾರೆ. ಕಾಕಾ ಕಪ್ಪು ಎತ್ತಿಕೊಳ್ಳುತ್ತಾರೆ.

ಹಾಗೆಂದು ಅವರು ಕುರುಡು ಅಭಿಮಾನಿಯಲ್ಲ. ನನಗೆ ಒಮ್ಮೆ ಅವರೇ ನಿಯಮ ಹೇಳಿಕೊಟ್ಟಿದ್ದರು. “ನೋಡು ತಮ್ಮಾ, ರಿಜಲ್ಟ್ ತಡಾ ಮಾಡ್ತಾರ ಅನ್ನು, ನಾ ಒಪ್ತೀನಿ. ಪಾಯಖಾನಿ ನಾರ್ತದ ಅನ್ನು, ನಾನೂ ನಿನ್ ಜೋಡಿ ಮೂಗು ಮುಚ್ಕೋತೀನಿ. ಕಲಿಸೋ ಮಂದಿ ಕಡಿಮಿ ಆಗ್ಯಾರ ಅನ್ನು, ಇಬ್ರೂ ಕೂಡಿ ಹೋಗಿ ಕೇಳೂಣು. ಇದ್ದದ್ದು ಅನ್ನು. ಇಲ್ಲದ್ದು ಅನಬ್ಯಾಡ.”

ಒಂದು ಸಲ ನಾವಿಬ್ಬರೂ ತರಕಾರಿ ಮಂಡಿಯಿಂದ ಬೋಪೋಡಿಯ ಅವರ ಮನೆಗೆ ರಿಕ್ಷಾದಲ್ಲಿ ಬರುತ್ತಿದ್ದೆವು. ಕಾಲ ಬುಡದಲ್ಲಿ ಒಂದು ಚೀಲ ಈರುಳ್ಳಿ. ವಿದ್ಯಾಪೀಠದ ಚೌಕದ ಟ್ರಾಫಿಕ್ಕಿನ ಬಗ್ಗೆ ಪುಣೆಯವರಿಗೆ ಹೇಳಬೇಕಾಗಿಲ್ಲ. ಒಂದು ಸೇತುವೆ ಕಟ್ಟುತ್ತಾರೆ, ಅದನ್ನು ಕೆಡವುತ್ತಾರೆ, ಅದರ ಜಾಗದಲ್ಲಿ ಮೆಟ್ರೋ ಕಂಬ ನಿಲ್ಲಿಸುತ್ತಾರೆ. ಅಷ್ಟರಲ್ಲಿ ರಿಕ್ಷಾದಲ್ಲಿ ಕೂತವರ ಮಕ್ಕಳು ದೊಡ್ಡವರಾಗಿರುತ್ತಾರೆ. ಅಂದೂ ರಿಕ್ಷಾ ಕದಲದೆ ನಿಂತಿತ್ತು. ಚಾಲಕ ಬೇಸತ್ತು, “ಹ್ಯಾ ವಿದ್ಯಾಪೀಠಾನೇ ಆಮ್ಚೀ ವಾಟ್ ಲಾವ್ಲಿ,” ಎಂದ. ಈ ವಿದ್ಯಾಪೀಠ ನಮ್ಮನ್ನು ಹಾಳು ಮಾಡಿತು ಎಂದು ಅದರ ಅರ್ಥ. ಪಾಪ, ಅವನು ಹೇಳಿದ್ದು ಚೌಕದ ಕುರಿತು.

ನಾನು ಕಾಕಾನ ಮೊಣಕಾಲು ಒತ್ತಿದೆ. ಪ್ರಯೋಜನವಾಗಲಿಲ್ಲ. ವಿದ್ಯಾಪೀಠ ಇಲ್ಲಿಗೆ ಬಂದಾಗ ಈ ರಸ್ತೆಯಲ್ಲಿ ಎತ್ತಿನ ಗಾಡಿ ಸಹ ಇರಲಿಲ್ಲ, ವಿದ್ಯಾಪೀಠ ತನ್ನ ಕಾಂಪೌಂಡಿನೊಳಗೆ ತಣ್ಣಗೆ ಕೂತಿದೆ, ಅದೇನು ಎದ್ದು ನಿನ್ನ ರಿಕ್ಷಾಕ್ಕೆ ಅಡ್ಡ ಬಂದಿದೆಯೇ, ಎಂದು ಅವರು ಶುದ್ಧ ಮರಾಠಿಯಲ್ಲಿ ವಾದ ಹೂಡಿದರು. ಚಾಲಕನೂ ಪುಣೆಯವನೇ, ಸೋಲುವನೇ? ಆಜೋಬಾ, ಇಷ್ಟು ಪ್ರೀತಿ ಇದ್ದರೆ ಇಲ್ಲೇ ಇಳಿದು ನಮಸ್ಕಾರ ಮಾಡಿ ಹೋಗಿ, ಎಂದ. ಕಾಕಾ ಇಳಿದೇಬಿಟ್ಟರು. ಈರುಳ್ಳಿಯ ಚೀಲ ನನ್ನ ಹೆಗಲೇರಿತು. ಸ್ವಲ್ಪ ದೂರ ನಡೆದ ಮೇಲೆ ನಾನು ಕೇಳಿದೆ, “ಕಾಕಾ, ಅಂವಾ ಅಂದಿದ್ದು ಚೌಕಕ್ಕರಿ.”

“ಗೊತ್ತದ. ಆದ್ರೂ ಹೆಸರು ತಗೊಂಡನಲ್ಲ.”

ನಾನು ಹುಡುಗನಾಗಿದ್ದಾಗ ನಾವೆಲ್ಲ ಬೋಪೋಡಿಯ ಒಂದು ಚಾಳಿನಲ್ಲಿ, ಎಂದರೆ ಒಂದಕ್ಕೊಂದು ಅಂಟಿದ ಸಾಲುಮನೆಗಳಲ್ಲಿ, ಇದ್ದೆವು. ನಮ್ಮಜ್ಜ ಇಂಡಿ ತಾಲೂಕಿನ ಹಳ್ಳಿಯಿಂದ ಗಾರೆ ಕೆಲಸ ಹುಡುಕಿಕೊಂಡು ಪುಣೆಗೆ ಬಂದವರು. ಅಪ್ಪ ಮತ್ತು ಕಾಕಾ ಭೋಸರಿಯ ಒಂದೇ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದರು. ರವಿವಾರ ಬಂತೆಂದರೆ ಕಾಕಾ ನನ್ನನ್ನು ಸೈಕಲ್ಲಿನ ಮುಂದಿನ ದಂಡಿಗೆಯ ಮೇಲೆ ಕೂಡಿಸಿಕೊಂಡು ವಿದ್ಯಾಪೀಠಕ್ಕೆ ಹೊರಡುತ್ತಿದ್ದರು. ಬೇರೆ ಮಕ್ಕಳು ಸಂಭಾಜಿ ಬಾಗಿಗೆ ಹೋಗುತ್ತಿದ್ದವು, ಪೇಶವೆ ಪಾರ್ಕಿಗೆ ಹೋಗಿ ಆನೆ ನೋಡುತ್ತಿದ್ದವು. ನನ್ನ ಪಾಲಿಗೆ ಬಂದದ್ದು ಕಾಕಾ ಫೇಲಾದ ಜಾಗಗಳು.

ದ್ವಾರ ದಾಟಿದರೆ ಊರಿನ ಸದ್ದು ಬಾಗಿಲು ಮುಚ್ಚಿದಂತೆ ನಿಂತುಹೋಗುತ್ತಿತ್ತು. ಬಿಳಲು ಬಿಟ್ಟ ಆಲದ ಮರಗಳು, ಕಲ್ಲಿನ ಹಳೆಯ ಕಟ್ಟಡ, ಅದರ ಎತ್ತರದ ಗೋಪುರ, ಹುಲ್ಲಿನ ಮೇಲೆ ಪುಸ್ತಕ ಮುಖಕ್ಕೆ ಮುಚ್ಚಿಕೊಂಡು ಮಲಗಿದ ವಿದ್ಯಾರ್ಥಿಗಳು. ಕಾಕಾ ಸೈಕಲ್ ತಳ್ಳಿಕೊಂಡು ನಡೆಯುತ್ತ ಗೈಡಿನಂತೆ ವಿವರಿಸುತ್ತಿದ್ದರು.

“ಆ ಕಿಟಕಿ ಕಾಣ್ತದಲ್ಲ, ಅದರ ಕೆಳಗ ಕೂತು ಮೊದಲ್ನೇ ಸಲ ಫೇಲ್ ಆದೆ. ಗಾಳಿ ಭಾಳ ಚೊಲೊ ಬರ್ತಿತ್ತು. ಎರಡ್ನೇ ಸಲ ಆ ಹಾಲಿನ್ಯಾಗ. ಅಲ್ಲಿ ಫ್ಯಾನ್ ಸದ್ದು ಮಾಡ್ತಿತ್ತು. ಆದ್ರ ಅದಕ್ಕ ನಾ ಫೇಲ್ ಆಗಿಲ್ಲ, ಸುಳ್ಳು ಹೇಳಬಾರ್ದು.”

“ಮೂರ್ನೇ ಸಲ ಎಲ್ಲಿ ಕಾಕಾ?”

“ಮತ್ತ ಅದೇ ಕಿಟಕಿ. ಗಾಳಿ ಸಲುವಾಗಿ ಕೇಳಿ ತಗೊಂಡೆ.”

ಆಮೇಲೆ ಕ್ಯಾಂಟೀನು. ಅಲ್ಲಿ ಒಂದು ಉದ್ದಿನ ವಡೆ, ಒಂದು ಕಪ್ಪು ಚಹಾ ತರಿಸಿ, ಎರಡನ್ನೂ ಮುಂದಿಟ್ಟುಕೊಂಡು ಕಾಕಾ ತಮ್ಮ ಸೋಲಿನ ಮೂಲ ಕಾರಣ ತಿಳಿಸುತ್ತಿದ್ದರು. ಅವರನ್ನು ಕೆಡವಿದ ವಿಷಯದ ಹೆಸರು ಟೋಪಾಲಜಿ. ಆ ಶಾಸ್ತ್ರದ ಪ್ರಕಾರ ವಡೆಗೂ ಕಪ್ಪಿಗೂ ವ್ಯತ್ಯಾಸವಿಲ್ಲವಂತೆ. ವಡೆಗೆ ನಡುವೆ ಒಂದು ತೂತು, ಕಪ್ಪಿಗೆ ಹಿಡಿಕೆಯಲ್ಲಿ ಒಂದು ತೂತು, ಲೆಕ್ಕ ಸಮವಾಯಿತು.

“ನಮ್ಮ ಸರ್ ಇದನ್ನ ಎಷ್ಟು ಚಂದ ಹೇಳ್ತಿದ್ರಂದ್ರ, ಕ್ಲಾಸಿನ್ಯಾಗ ಎಲ್ಲಾರ ತಲಿಯೊಳಗ ವಡಿ ಮೆತ್ತಗ ತಿರುಗಿ ಕಪ್ಪು ಆಗಿಬಿಡ್ತಿತ್ತು. ನನ್ನ ತಲಿಯೊಳಗ ವಡಿ ವಡಿನೇ ಇರ್ತಿತ್ತು. ಅದಕ್ಕ ವಿದ್ಯಾಪೀಠ ಏನ್ ಮಾಡಬೇಕು?”

ಹೀಗೆಂದು ಅವರು ವಡೆ ಮುರಿದು ಅರ್ಧ ನನಗೆ ಕೊಡುತ್ತಿದ್ದರು. ಆ ವಡೆಯ ರುಚಿ ಈಗಲೂ ನಾಲಿಗೆಯ ಮೇಲಿದೆ. ಕರಿದ ವಡೆಯ ವಾಸನೆ ಮೂಗಿಗೆ ಬಿದ್ದರೆ ಸಾಕು, ಆ ಸೈಕಲ್ಲಿನ ದಂಡಿಗೆ, ಬೆನ್ನಿಗೆ ತಾಗುತ್ತಿದ್ದ ಕಾಕಾನ ಎದೆ, ಇಳಿಜಾರಿನಲ್ಲಿ ಅವರು ಹೇಳುತ್ತಿದ್ದ ಭಜನೆಯ ಸಾಲು ಎಲ್ಲ ಒಟ್ಟಿಗೆ ಬರುತ್ತವೆ. ದೊಡ್ಡವನಾಗಿ ನಾನು ಕಂಪ್ಯೂಟರ್ ಕಲಿತು, ಹಿಂಜವಡಿಯಲ್ಲಿ ನೌಕರಿ ಹಿಡಿದು, ವಾಕಡದಲ್ಲಿ ಫ್ಲ್ಯಾಟು ಕೊಂಡೆ. ಅಲ್ಲಿ ಈಜುಕೊಳವಿದೆ, ಜಿಮ್ ಇದೆ. ಆದರೆ ರವಿವಾರ ಎಂದಾಗ ನನಗೆ ಕಣ್ಣೆದುರು ಬರುವುದು ಆ ಕಿಟಕಿಯೇ.

ಕಾಕಾನ ಮದುವೆಯ ಕಥೆ ಹೇಳದಿದ್ದರೆ ಕಾಕೂ ನನ್ನನ್ನು ಬಿಡುವುದಿಲ್ಲ. ಸೊಲ್ಲಾಪುರಕ್ಕೆ ಹೆಣ್ಣು ನೋಡಲು ಹೋದಾಗ ಹೆಣ್ಣಿನ ತಂದೆ, ಏನು ಓದಿದ್ದೀರಿ, ಎಂದು ಕೇಳಿದರು. ನಮ್ಮಪ್ಪ ಅವಸರದಿಂದ, “ಬಿ.ಎಸ್ಸಿ. ಆಗ್ಯಾನ್ರಿ,” ಎಂದ. ಕಾಕಾ ತಿದ್ದಿದರು. “ಎಂ.ಎಸ್ಸಿ. ಫೇಲ್ ಆಗೀನ್ರಿ.”

ಹೆಣ್ಣಿನ ತಂದೆ ಸಜ್ಜನರು. ಅದನ್ನು ಹೇಳುವುದೇಕೆ, ಬಿ.ಎಸ್ಸಿ. ಸಾಕಲ್ಲ, ಎಂದು ಸಮಾಧಾನ ಮಾಡಿದರು. ಕಾಕಾ ಒಪ್ಪಲಿಲ್ಲ. “ಹಂಗ ಹೆಂಗ್ರಿ? ಬಿ.ಎಸ್ಸಿ. ನನಗ ಸುಲಭ ಆತು. ನಾ ಕಷ್ಟ ಪಟ್ಟಿದ್ದು ಎಂ.ಎಸ್ಸಿ.ಗೆ.”

ಅಪ್ಪ ತಲೆ ತಗ್ಗಿಸಿ ಅವಲಕ್ಕಿಯ ತಟ್ಟೆ ನೋಡುತ್ತ ಕೂತನಂತೆ. ಸಂಬಂಧ ಮುರಿಯಿತೆಂದೇ ಎಲ್ಲರೂ ಎದ್ದರು. ಮುರಿಯಲಿಲ್ಲ. ಮದುವೆಯ ಕಾರ್ಡಿನಲ್ಲಿ ಕಾಕಾನ ಹೆಸರಿನ ಮುಂದೆ ಎಂ.ಎಸ್ಸಿ. ಎಂದೂ, ಅದರ ಪಕ್ಕ ಕಂಸದೊಳಗೆ ಫೇಲ್ ಎಂದೂ ಅಚ್ಚಾಯಿತು. ಹೇಗೆ ಒಪ್ಪಿದಿರಿ ಎಂದು ಕಾಕೂನನ್ನು ಕೇಳಿದರೆ ಇಂದಿಗೂ ಅವರು ಸೆರಗಿನಿಂದ ಕೈ ಒರೆಸಿಕೊಂಡು ಹೇಳುತ್ತಾರೆ. “ಆಗಿನ ಕಾಲದಾಗ ಗಂಡಿನ ಕಡಿಯವ್ರು ಹತ್ತನೇತ್ತಾ ಫೇಲ್ ಆದವನ್ನ ಡಿಪ್ಲೋಮಾ ಅಂತಿದ್ರು. ಇವರು ತಮ್ಮ ಬಾಯ್ಲೇ ಫೇಲ್ ಅಂದ್ರು. ಇಂಥಾವರ ಜೋಡಿ ಬಾಳೇ ಸಸಾರ ಅಂತ ತಿಳೀತು. ಆಮ್ಯಾಲ ಗೊತ್ತಾತು, ಅಷ್ಟೇನ್ ಸಸಾರ ಇಲ್ಲ.”

ಇಷ್ಟು ವರ್ಷ ಹೀಗೆಯೇ ನಡೆದುಬಂತು. ಕಾಕಾ ಸೋತ ವಾದವೊಂದನ್ನು ನಾನು ಕಂಡಿರಲಿಲ್ಲ. ಕಂಡದ್ದು ಹೋದ ನವೆಂಬರಿನಲ್ಲಿ.

ನನ್ನ ಮಗಳು ಆಗ ಬಿ.ಎಸ್ಸಿ.ಯ ಕೊನೆಯ ವರ್ಷದಲ್ಲಿದ್ದಳು. ಮುಂದೆ ಗಣಿತದಲ್ಲಿ ಎಂ.ಎಸ್ಸಿ. ಮಾಡುವ ಆಸೆ ಅವಳಿಗೆ. ಎಲ್ಲಿ ಎಂಬುದು ಪ್ರಶ್ನೆ. ಅವಳ ಮನಸ್ಸು ವಿದ್ಯಾಪೀಠದ ಕಡೆಗಿತ್ತು. ನಾನು, ವಡೆ ತಿಂದು ಬೆಳೆದವನು, ಗಾಜಿನ ಗೋಡೆಯ ಖಾಸಗಿ ವಿಶ್ವವಿದ್ಯಾಲಯಗಳ ಬಣ್ಣದ ಪುಸ್ತಿಕೆ ತಿರುವುತ್ತಿದ್ದೆ. ಆಫೀಸಿನಲ್ಲಿ ಎಲ್ಲರ ಮಕ್ಕಳೂ ಅಂಥಲ್ಲೇ ಓದುತ್ತಿದ್ದರು. ಸರ್ಕಾರಿ ವಿದ್ಯಾಪೀಠದಲ್ಲಿ ಈಗ ಏನೂ ಉಳಿದಿಲ್ಲ ಎಂಬ ಮಾತು ಚಹಾದ ಹೊತ್ತಿನಲ್ಲಿ ದಿನಾ ಕಿವಿಗೆ ಬೀಳುತ್ತಿತ್ತು. ಅದನ್ನು ಅಂದವರಲ್ಲಿ ಒಬ್ಬರೂ ಈಚೆಗೆ ಆ ದ್ವಾರದೊಳಗೆ ಕಾಲಿಟ್ಟವರಲ್ಲ. ಆದರೂ ದಿನಾ ಕೇಳಿದ ಮಾತು ನಿಜದಂತೆ ಕೇಳಿಸತೊಡಗುತ್ತದೆ.

ವಾಕಡದ ಕನ್ನಡದವರು ನಾವು ನವೆಂಬರಿನಲ್ಲಿ ಒಂದು ಸಂಜೆ ಸೇರುತ್ತೇವೆ. ಮಕ್ಕಳ ಹಾಡು, ಬಿಸಿಬೇಳೆಬಾತು ಮೇಲೋ ಜೋಳದ ರೊಟ್ಟಿ ಮೇಲೋ ಎಂಬ ಜಗಳ, ಊಟ. ಈ ಸಲ ಒಬ್ಬರು ಶಿಕ್ಷಣ ಸಲಹೆಗಾರರನ್ನು ಭಾಷಣಕ್ಕೆ ಕರೆದಿದ್ದರು. ಬೆಂಗಳೂರಿನ ಯುವಕ, ಸೂಟು ತೊಟ್ಟಿದ್ದರು, ಮಾತು ಚೆನ್ನಾಗಿತ್ತು. ಕಾಕಾ, ಕಾಕೂ ನಮ್ಮ ಜೊತೆ ಮುಂದಿನ ಸಾಲಿನಲ್ಲೇ ಕೂತಿದ್ದರು. ಅಲ್ಲಿ ಕೂಡಿಸಿದ್ದು ನಾನೇ. ವಿಧಿ ಎಂದರೆ ಇದು.

ಪರದೆಯ ಮೇಲೆ ಚಿತ್ರಗಳು ಬಂದವು. ಈಜುಕೊಳ, ಹವಾನಿಯಂತ್ರಿತ ಗ್ರಂಥಾಲಯ, ನಗುವ ವಿದ್ಯಾರ್ಥಿಗಳು. ಆಮೇಲೆ ಯಾವುದೋ ಊರಿನ ಮುರಿದ ಬೆಂಚಿನ ಚಿತ್ರ.

“ಪಬ್ಲಿಕ್ ಯೂನಿವರ್ಸಿಟಿ ಅಂದ್ರೆ ಇದೇ,” ಎಂದರು ಅವರು. “ಓಪನ್ ಆಗಿ ಹೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಅಲ್ಲಿ ಯಾರ್ ಬೇಕಾದ್ರೂ ಸೇರ್ತಾರೆ, ಯಾರ್ ಬೇಕಾದ್ರೂ ಪಾಸ್ ಆಗ್ತಾರೆ. ಸೋ ಡಿಗ್ರಿಗೆ ವ್ಯಾಲ್ಯೂ ಝೀರೋ.”

ಕಾಕೂ ಕಾಕಾನ ಶಾಲಿನ ತುದಿ ಹಿಡಿದರು. ಕಾಕಾ ಶಾಲನ್ನು ಅವರ ಕೈಯಲ್ಲೇ ಬಿಟ್ಟು ಎದ್ದರು.

“ಒಂದ್ ಪ್ರಶ್ನಾ ಕೇಳ್ಲೇನ್ರಿ?”

“ಪ್ಲೀಸ್, ಅಂಕಲ್.”

“ನಾ ಇಲ್ಲೇ ವಿದ್ಯಾಪೀಠದಾಗ ಎಂ.ಎಸ್ಸಿ. ಮೂರು ಸಲ ಫೇಲ್ ಆಗೀನಿ. ಯಾರು ಬೇಕಾದ್ರೂ ಪಾಸ್ ಆಗ್ತಾರಂದ್ರ ನಾ ಯಾಕ ಆಗ್ಲಿಲ್ರಿ?”

ಸಭೆ ನಕ್ಕಿತು. ಅನೇಕರು ಚಪ್ಪಾಳೆ ತಟ್ಟಿದರು. ಕಾಕಾನ ಮುಖದಲ್ಲಿ ವಿಜಯದ ಮೊದಲ ಗೆರೆ ಮೂಡಿತು. ಆದರೆ ಯುವಕ ಬಾಯಿ ತೆರೆದು ಮುಚ್ಚಲಿಲ್ಲ. ನಗುತ್ತ, ನಿಜವಾದ ಕನಿಕರದಿಂದಲೇ ಹೇಳಿದರು.

“ಅಂಕಲ್, ನೀವೇ ನನ್ನ ಪಾಯಿಂಟ್ ಪ್ರೂವ್ ಮಾಡಿದ್ರಿ. ಒಬ್ಬ ಹುಡುಗ ಒಂದೇ ಸಬ್ಜೆಕ್ಟಲ್ಲಿ ಮೂರ್ ಸಲ ಫೇಲ್ ಆಗೋ ತನಕ ಆ ಯೂನಿವರ್ಸಿಟಿ ಏನ್ ಮಾಡ್ತಿತ್ತು? ಒಳ್ಳೆ ಯೂನಿವರ್ಸಿಟಿ ಸ್ಟೂಡೆಂಟನ್ನ ಕೈ ಬಿಡಲ್ಲ. ನಿಮ್ಮ ಲೈಫನ್ನೇ ಹಾಳ್ ಮಾಡಿದ್ದನ್ನ ನೀವು ಡಿಫೆಂಡ್ ಮಾಡ್ತಿದೀರ. ನಂಗ್ ನಿಜವಾಗ್ಲೂ ಬೇಜಾರಾಗತ್ತೆ.”

ಈ ಸಲದ ಚಪ್ಪಾಳೆ ಹೆಚ್ಚು ಜೋರಾಗಿತ್ತು.

ಕಾಕಾ ನಿಂತೇ ಇದ್ದರು. ಏನೋ ಹೇಳಲು ತುಟಿ ಅಲುಗಿತು. ಆಮೇಲೆ ಕಾಕೂನ ಕೈಯಿಂದ ಶಾಲು ತೆಗೆದುಕೊಂಡು ಹೆಗಲಿಗೆ ಹಾಕಿ ಕೂತರು. ಊಟಕ್ಕೆ ನಿಲ್ಲಲಿಲ್ಲ. ಕಾರಿನಲ್ಲಿ ಕಿಟಕಿಯ ಕಡೆ ಮುಖ ಮಾಡಿದವರು ಮನೆ ಬರುವ ತನಕ ತಿರುಗಲಿಲ್ಲ.

ಅಲ್ಲಿಂದ ಮುಂದೆ ಅವರು ವಿದ್ಯಾಪೀಠದ ಮಾತೇ ಆಡಲಿಲ್ಲ. ನಾನು ಪರೀಕ್ಷೆ ಮಾಡಲೆಂದೇ ಒಮ್ಮೆ, “ಈ ವರ್ಷನೂ ರಿಜಲ್ಟ್ ತಡಾ ಅಂತ್ರೀ,” ಎಂದೆ. “ಇರಬಹುದು,” ಎಂದು ಅವರು ಪೇಪರು ಮಡಚಿಟ್ಟರು. ಕಾಕೂ ನನಗೆ ಫೋನು ಮಾಡಿ ಅತ್ತರು. “ನಾನೇ ದಿನಾ ಬೈತಿದ್ನಪಾ, ಸಾಕ್ ಮಾಡ್ರಿ ನಿಮ್ಮ ವಿದ್ಯಾಪೀಠ ಪುರಾಣ ಅಂತ. ಈಗ ಮನ್ಯಾಗ ಗಡಿಯಾರದ ಸದ್ದು ಕೇಳಸ್ತದ. ಏನರೆ ಮಾಡು.”

ನಾನೇನು ಮಾಡಲಿ? ಮಾಡಿದ್ದು ಮಗಳು. ಯಾರಿಗೂ ಹೇಳದೆ ವಿದ್ಯಾಪೀಠದ ಪ್ರವೇಶ ಪರೀಕ್ಷೆ ಬರೆದು, ಆಯ್ಕೆಯಾದ ಮೇಲೆ ನನಗೆ ತಿಳಿಸಿದಳು. ನಾನು ಪುಸ್ತಿಕೆಗಳನ್ನು ತೋರಿಸಿದೆ. ಗಾಜಿನ ಗೋಡೆ, ಈಜುಕೊಳ.

“ಪಪ್ಪಾ, ಈಜೋದಕ್ಕೆ ನಮ್ಮ ಸೊಸೈಟಿಯಲ್ಲೇ ಇದೆಯಲ್ಲ,” ಎಂದಳು. “ಈ ಪುಸ್ತಿಕೆಯವರ ಹತ್ರ ಟೋಪಾಲಜಿ ಕಲಿಸೋರು ಯಾರು ಅಂತ ಕೇಳಿ ನೋಡಿದೆ. ಇನ್ನೂ ಯಾರನ್ನೂ ತಗೊಂಡಿಲ್ಲವಂತೆ.”

ನಾನು ಪುಸ್ತಿಕೆಗಳನ್ನು ಮಡಚಿಟ್ಟೆ. ಪ್ರಮಾಣಪತ್ರಗಳ ತಪಾಸಣೆಗೆ ಕರೆದ ದಿನ ಅವಳು ಇನ್ನೊಂದು ಹಟ ಹಿಡಿದಳು. ಅಜ್ಜನೂ ಬರಬೇಕು. ಕಾಕಾ ಮೊದಲು ಮಂಡಿ ನೋವೆಂದರು, ಆಮೇಲೆ ಬಿಸಿಲೆಂದರು. ಅವಳು ಅವರ ಚಪ್ಪಲಿ ತಂದು ಕಾಲ ಮುಂದಿಟ್ಟಳು. ಕೊನೆಗೆ ಕಾಕೂ, “ಹೋಗ್ರಿ, ನನಗ ಮನಿ ಸಾರಸೂದದ,” ಎಂದು ಅವರನ್ನು ಹೊರಗಟ್ಟಿದರು.

ಜೂನಿನ ಮೊದಲ ಮಳೆ ಹಿಂದಿನ ದಿನವಷ್ಟೇ ಬಿದ್ದಿತ್ತು. ಮರಗಳು ತೊಳೆದಿಟ್ಟಂತಿದ್ದವು. ವಿಭಾಗದ ಮುಂದೆ ಉದ್ದನೆಯ ಸಾಲು. ಬೀಡ್, ಲಾತೂರ, ಭೋರ್ ಕಡೆಯಿಂದ ಬಂದ ಹುಡುಗ ಹುಡುಗಿಯರು, ಅವರ ಜೊತೆ ಗಾಂಧಿ ಟೋಪಿಯ ತಂದೆಯರು, ಪ್ಲಾಸ್ಟಿಕ್ ಚೀಲದಲ್ಲಿ ಬುತ್ತಿ. ಮಗಳು ಸಾಲಿನಲ್ಲಿ ನಿಂತಳು. ಕಾಕಾ, ನಾನು ಮರದ ಕೆಳಗಿನ ಕಲ್ಲಿನ ಬೆಂಚಿನ ಮೇಲೆ ಕೂತೆವು. ಅವರು ಸುತ್ತಲೂ ನೋಡಲಿಲ್ಲ, ಯಾವ ಕಿಟಕಿಯನ್ನೂ ತೋರಿಸಲಿಲ್ಲ. ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಆಸ್ಪತ್ರೆಯಲ್ಲಿ ಸರದಿ ಕಾಯುವವರಂತೆ ಕೂತಿದ್ದರು.

ಮಗಳು ಕೆಲಸ ಮುಗಿಸಿ ಬಂದಳು. ಪ್ರವೇಶ ಸಿಕ್ಕಿತ್ತು. ಕಾಕಾನ ಕಾಲು ಮುಟ್ಟಿ ನಮಸ್ಕರಿಸಿ, ಅವರ ಪಕ್ಕ ಕೂತು, ನಾನು ಇಷ್ಟು ವರ್ಷ ಕೇಳದ ಪ್ರಶ್ನೆಯನ್ನು ಕೇಳಿಬಿಟ್ಟಳು.

“ಅಜ್ಜಾ, ಮೂರನೇ ಸಲ ಫೇಲ್ ಆದ ಮೇಲೆ ಏನಾಯಿತು?”

ಕಾಕಾ ನೆಲ ನೋಡುತ್ತ ಶುರು ಮಾಡಿದರು.

“ಆ ಸೂಟಿನವ್ರು ಕೇಳಿದ್ರಲ್ಲ, ವಿದ್ಯಾಪೀಠ ಏನ್ ಮಾಡ್ತಿತ್ತು ಅಂತ. ಉತ್ತರ ನನಗ ಗೊತ್ತಿತ್ತು. ಹೇಳಾಕ ಹೋದ್ರ ಅಳು ಬರ್ತಿತ್ತು, ಅದಕ್ಕ ಕೂತೆ.”

ಮೂರನೆಯ ಸಲದ ಫಲಿತಾಂಶ ಬಂದ ದಿನ ಚಾಳಿನ ಮನೆಯಲ್ಲಿ ಒಲೆ ಹೊತ್ತಿರಲಿಲ್ಲವಂತೆ. ನಮ್ಮಜ್ಜ ಗೋಡೆಗೆ ಮುಖ ಮಾಡಿ ಮಲಗಿದ್ದರು. ಇಡೀ ಚಾಳಿಗೆ ಒಬ್ಬನೇ ಓದುವ ಹುಡುಗ. ಅವನ ಮೇಲೆ ಎಲ್ಲರ ಕಣ್ಣು. ನಮ್ಮಜ್ಜಿ, ಅಂದರೆ ಕಾಕಾನ ಅವ್ವ, ಮಗನೊಡನೆ ಮಾತು ಬಿಟ್ಟಿದ್ದರು. ಮರುದಿನ ಮಧ್ಯಾಹ್ನ ಬಾಗಿಲಲ್ಲಿ ಯಾರೋ ನಿಂತು ಕಾಕಾನ ಹೆಸರು ಕೇಳಿದರು. ನೋಡಿದರೆ ಸರ್. ಫೇಲು ಮಾಡಿದ ಪ್ರಾಧ್ಯಾಪಕರೇ. ಬಸ್ಸಿನಲ್ಲಿ ಬಂದು, ಚಾಳುಗಳ ನಡುವೆ ದಾರಿ ಕೇಳಿಕೊಂಡು ಬಂದಿದ್ದರು. ಕೈಯಲ್ಲಿ ಲೋಣಾವಳದ ಚಿಕ್ಕಿಯ ಪೊಟ್ಟಣ.

“ಕೂಡಸಾಕ ಖುರ್ಚಿ ಇರ್ಲಿಲ್ಲ. ಗೋಣಿತಟ್ಟಿನ ಮ್ಯಾಲ ಕೂತ್ರು. ಇವ,” ಎಂದು ಕಾಕಾ ನನ್ನ ಕಡೆ ಬೆರಳು ಮಾಡಿದರು, “ತೊಟ್ಟಲಾಗ ಒಂದೇ ಸವನ ಅಳಾಕತ್ತಿದ್ದ. ಸರ್ ಮಾತಾಡ್ಕೋತ ಒಂದ್ ಕೈಲೆ ಇವನ್ನ ತೂಗಿದ್ರು.”

ಇದು ನನಗೆ ಯಾರೂ ಹೇಳಿರಲಿಲ್ಲ. ಟೋಪಾಲಜಿಯ ಪ್ರಾಧ್ಯಾಪಕರು ತೂಗಿದ ತೊಟ್ಟಿಲಲ್ಲಿ ನಾನು ಮಲಗಿದ್ದೆ.

ಮನೆಗೆ ಬಂದ ದೊಡ್ಡವರನ್ನು ಹಾಗೆಯೇ ಕಳಿಸುವುದು ಹೇಗೆ? ಅಜ್ಜಿ ಎದ್ದು ಒಲೆ ಹೊತ್ತಿಸಿದರು. ರೊಟ್ಟಿ ಬಡಿಯಲು ಕೂತರು. ಸರ್ ಅಜ್ಜಿಯ ಕಡೆ ತಿರುಗಿ ಮರಾಠಿಯಲ್ಲಿ ಮಾತನಾಡತೊಡಗಿದರು. ಅಜ್ಜಿಗೆ ಆಗಿನ್ನೂ ಮರಾಠಿಯ ಒಂದಕ್ಷರವೂ ತಿಳಿಯುತ್ತಿರಲಿಲ್ಲ. ಸರ್‌ಗೆ ಕನ್ನಡ ಬಾರದು. ನಡುವೆ ಕಾಕಾ. ಅನುವಾದ ಅವರೇ ಮಾಡಬೇಕು.

“ಸರ್ ನನ್ನ ಬಗ್ಗೆ ಹೇಳಾಕತ್ತಿದ್ರು. ಭಾಳ ಚೊಲೊ ಮಾತು. ನನ್ನ ಬಗ್ಗೆ ನಾನೇ ಹೆಂಗ ಹೇಳ್ಲಿ? ಅವ್ವ ಕೇಳಿದ್ಲು, ಏನಂತಾರೋ ಅಂತ. ನಾ ಅಂದೆ, ರೊಟ್ಟಿ ಭಾಳ ಚೊಲೊ ಆಗ್ಯಾವಂತ.”

ಮಗಳು ಪಕ್ಕನೆ ನಕ್ಕಳು. ಕಾಕಾನೂ ನಕ್ಕರು, ಏಳು ತಿಂಗಳಲ್ಲಿ ಮೊದಲ ಸಲ.

“ಅವ್ವಗ ಖುಷಿ ಆತು. ಇನ್ನೊಂದು ರೊಟ್ಟಿ ಹಾಕಿದ್ಲು. ಅವ್ವನ ಮಾರಿ ಅರಳಿದ್ದು ನೋಡಿ ಸರ್‌ಗೆ ಅನಸ್ತು, ಈಕಿಗೆ ನನ್ನ ಮಾತು ತಿಳೀತು ಅಂತ. ಇನ್ನೊಂದು ಮಾತು ಹೇಳಿದ್ರು. ಅವ್ವ ಮತ್ತೊಂದು ರೊಟ್ಟಿ ಹಾಕಿದ್ಲು. ಸರ್ ಪುಣೆದವ್ರು, ತೆಳ್ಳಗ ಚಪಾತಿ ತಿನ್ನೋ ಮನಷಾ. ಬ್ಯಾಡ ಅನ್ಲಿಲ್ಲ. ಬೆವರ ಒರಸ್ಕೋತ ಎಲ್ಲಾ ತಿಂದ್ರು. ಹೋಗೂ ಮುಂದ ನನ್ನ ತಲಿ ಮ್ಯಾಲ ಕೈ ಇಟ್ಟು, ಟೋಪಾಲಜಿ ಬಿಡು, ವಿದ್ಯಾಪೀಠ ಬಿಡಬ್ಯಾಡ, ಬಂದ್ ಹೋಗ್ಕೋತ ಇರು ಅಂದ್ರು. ಬಸ್ ಸ್ಟಾಪಿನ ತನಕ ಚಾಳಿನ ಮಂದಿ ಎಲ್ಲಾ ಅವರ ಹಿಂದ ಹೋದ್ರು. ಆ ರಾತ್ರಿ ಅಪ್ಪ ಉಂಡ.”

ಸಾಲಿನಲ್ಲಿ ಯಾರದೋ ಹೆಸರು ಕೂಗಿದರು. ಒಬ್ಬ ತಂದೆ ಅವಸರದಿಂದ ಬುತ್ತಿಯ ಗಂಟು ಕಟ್ಟಿ ಎದ್ದ. ಮಗಳು ಕಾಕಾನ ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡಿದ್ದಳು.

“ಸರ್ ನಿಜವಾಗಿ ಏನು ಹೇಳಿದ್ದರು, ಅಜ್ಜಾ?”

“ಅವ್ವಗ ಆಮ್ಯಾಲ ಹೇಳೂಣು ಅಂತ ಬಿಟ್ಟೆ. ನಾಳಿ ಹೇಳೂಣು, ಹಬ್ಬಕ್ಕ ಹೇಳೂಣು. ನಾಚಿಕಿ. ಹಂಗೇ ಉಳೀತು. ಸಾಯೂತನಕ ಆಕಿ ಎಲ್ಲಾರ ಮುಂದ ಅದೇ ಹೇಳ್ಕೋತ ಇದ್ಲು, ವಿದ್ಯಾಪೀಠದ ದೊಡ್ಡ ಸರ್ ನನ್ನ ರೊಟ್ಟಿ ತಿನ್ನಾಕ ಬಸ್ ಹತ್ತಿ ಬಂದಿದ್ರು ಅಂತ.”

ಕಾಕಾ ಕನ್ನಡಕ ತೆಗೆದರು. ಅದನ್ನು ಒರೆಸದೆ ಕೈಯಲ್ಲೇ ಹಿಡಿದುಕೊಂಡರು. ನಮ್ಮಿಬ್ಬರನ್ನೂ ನೋಡಲಿಲ್ಲ. ಎದುರಿಗೆ ಯಾರೋ ನೆಲದ ಮೇಲೆ ಕೂತಿರುವರೇನೋ ಎಂಬಂತೆ ಸ್ವಲ್ಪ ಮುಂದಕ್ಕೆ ಬಾಗಿ, ಮೆಲ್ಲಗೆ, ಒಂದೊಂದೇ ಮಾತನ್ನು ಮರಾಠಿಯಿಂದ ಕನ್ನಡಕ್ಕೆ ತರುತ್ತ ಹೇಳಿದರು.

“ಅವ್ವಾ, ಸರ್ ರೊಟ್ಟಿ ಮಾತಲ್ಲ ಆಡಾಕತ್ತಿದ್ದು. ತಾಯೀ, ನಿಮ್ಮ ಮಗನ್ನ ಬೈಬ್ಯಾಡ್ರಿ ಅನ್ನಾಕತ್ತಾರ. ಉಳಿದವ್ರು ತಿಳೀಲಾರದ್ದನ್ನೂ ತಿಳದಂಗ ಬರೀತಾರ, ಇವ ನನಗ ಇದು ತಿಳದಿಲ್ಲ ಅಂತ ಬರ್ದಾನ, ಮೂರು ವರ್ಷನೂ ಹಂಗೇ ಬರ್ದಾನ. ಇವ ನನ್ನ ವಿದ್ಯಾರ್ಥಿ ಅಂತ ಹೇಳ್ಕೊಳ್ಳಾಕ ನನಗ ಹೆಮ್ಮಿ ಅದ, ಅದನ್ನ ನಿಮ್ಮ ಮನಿಗೆ ಬಂದು ನಿಮಗ ಹೇಳಿ ಹೋಗಬೇಕಂತ ಬಂದೆ, ಅನ್ನಾಕತ್ತಾರವ್ವಾ.”